ಒತ್ತಾರನ ಬೂಟಿನ ಚರ್ಮ

1942ರ ಅಕ್ಟೋಬರ್ 12, ಸೋಮವಾರ, ಬೆಳಗ್ಗೆ 7.20. ಜರ್ಮನರ ಹಿಡಿತದಲ್ಲಿದ್ದ ಸೆಲ್ವೋಗ್ ಎಂಬ ಕಡಲೂರಿನ ಪೊಲೀಸ್ ಠಾಣೆಯಲ್ಲಿ ಪೇದೆ ಯೋಸ್ಟೈನ್ ಲೋತೆ ಒಲೆಗೆ ಕಟ್ಟಿಗೆ ತುಂಬುತ್ತಿದ್ದ. ಬೆನ್ನ ಹಿಂದೆ ಯಾರೋ ಹೆಸರು ಹಿಡಿದು ಕರೆದರು. ಬೆಚ್ಚಿ ತಿರುಗಿದ. ಮಾಗ್ನಿ ನೆಸೆ ನಿಂತಿದ್ದಳು. ಕಲ್ಲಿನ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದೇ ಆಗಿರಲಿಲ್ಲ.

“ಬೆಕ್ಕಿನ ಥರ ಬರ್ತೀಯಲ್ಲೇ,” ಅಂದ. “ಯುದ್ಧದಲ್ಲಿ ಚರ್ಮ ಸಿಗದೆ ಊರಿಗೆ ಊರೇ ಮರದ ಅಟ್ಟೆ ಶೂ ಹಾಕ್ಕೊಂಡು ಟಕಟಕ ಅಂತ ಓಡಾಡ್ತಿದೆ. ನಿನಗೊಬ್ಬಳಿಗೆ ಚರ್ಮದ್ದು. ಪುಣ್ಯವಂತೆ ಬಿಡು.”

“ಹೊಟ್ಟೆ ಆಮೇಲೆ ಉರ್ಕೋ. ತೊರ್ಮೋದಣ್ಣನ್ನ ಕರಿ.”

ಠಾಣಾಧಿಕಾರಿ ತೊರ್ಮೋದ್ ಐಕೆನೆಸ್ ಒಳಗಿನಿಂದ ಬಂದರು. ಐವತ್ತೊಂದು ವರ್ಷ, ಹತ್ತೊಂಬತ್ತು ವರ್ಷದಿಂದ ಇದೇ ಠಾಣೆ. ಅವರ ಕುರ್ಚಿಯ ಹಿಂದೆ ಗೋಡೆಯಲ್ಲಿ ರಾಜರ ಪಟ ಇದ್ದ ಜಾಗ ಚೌಕವಾಗಿ ಬಿಳಿಚಿಕೊಂಡಿತ್ತು. ಅಲ್ಲಿ ಹೊಸ ಸರ್ಕಾರದ ನಾಯಕನ ಪಟ ಹಾಕಬೇಕೆಂದು ಪಟ್ಟಣದಿಂದ ಮೂರು ಸಲ ಆದೇಶ ಬಂದಿತ್ತು. ಮೊಳೆ ಸಿಗುತ್ತಿಲ್ಲ ಎಂದು ಅವರು ಮೂರು ಸಲ ಉತ್ತರ ಬರೆದಿದ್ದರು.

ಮಾಗ್ನಿಗೆ ಇಪ್ಪತ್ಮೂರು ವರ್ಷ. ಗುಡ್ಡದ ಮೇಲಿನ ಜರ್ಮನ್ ಕಾವಲು ಠಾಣ್ಯದಲ್ಲಿ ಬಟ್ಟೆ ಒಗೆಯುವ ಕೆಲಸ. ಜರ್ಮನ್ ಬಲ್ಲ ಶಾಲಾ ಮೇಷ್ಟ್ರನ್ನು ವಸಂತದಲ್ಲಿ ಇತರ ಮೇಷ್ಟ್ರುಗಳ ಜೊತೆ ಉತ್ತರಕ್ಕೆ ಸಾಗಿಸಿದ ಮೇಲೆ, ಊರಿಗೂ ಗುಡ್ಡಕ್ಕೂ ನಡುವೆ ಏನೇ ಮಾತಿದ್ದರೂ ಅನುವಾದ ಅವಳದೇ. ಅವಳು ಕೊಟ್ಟ ದೂರನ್ನು ಯೋಸ್ಟೈನ್ ಠಾಣೆಯ ಪುಸ್ತಕದಲ್ಲಿ ದಾಖಲಿಸತೊಡಗಿದ.

“ಏನು ಕಳೆದಿದೆ?” ಐಕೆನೆಸ್ ಕೇಳಿದರು.

“ಬಂದೂಕು. ವೆಂಡೆಲಿನ್‌ದು.”

“ಪೂರ್ತಿ ಹೆಸರು.”

“ವೆಂಡೆಲಿನ್ ಕ್ರಾಂಟ್ಸ್. ಸಿಪಾಯಿ.”

“ಎಲ್ಲಿಂದ ಕಳೆಯಿತು?”

“ನಮ್ಮನೆ ಹೊರಕೋಣೆಯಿಂದ. ನಿನ್ನೆ ಎರಡು ಗಂಟೆಗೆ ಬಂದ. ಮೂರನೇ ಗೂಟದ ಕೆಳಗೆ ಒರಗಿಸಿಟ್ಟ. ಹೊರಟಾಗ ನಾಲ್ಕೂ ನಲವತ್ತು. ಗೋಡೆ ಖಾಲಿ.”

“ನಡುವೆ ಬಾಗಿಲ ಸದ್ದು ಕೇಳಲಿಲ್ವಾ?”

“ಮಹಡಿ ಮೇಲಿದ್ವಿ.”

ಯೋಸ್ಟೈನನ ಪೆನ್ನು ನಿಂತಿತು. ಯುದ್ಧಕ್ಕೆ ಮುಂಚಿನ ಬೇಸಿಗೆಯಲ್ಲಿ ಅವನು ಮಾಗ್ನಿಯ ಜೊತೆ ಎರಡು ಸಲ ಕುಣಿದಿದ್ದ.

“ಬರಿ,” ಅಂದರು ಐಕೆನೆಸ್. “ಮನೇಲಿ ಇನ್ಯಾರಿದ್ದರು?”

“ಯಾರೂ ಇಲ್ಲ. ಅಕ್ಕ ಪ್ರಾರ್ಥನೆಗೆ ಹೋಗಿದ್ಲು.”

8.10ಕ್ಕೆ ಗುಡ್ಡದ ಹವಾಲ್ದಾರ ಟೀಮನ್ ಬಂದ. ವಯಸ್ಸಾದವನು, ಮೊಣಕಾಲು ನೋವಿನವನು. ಟೋಪಿ ತೆಗೆಯದೆ ಕುಳಿತ. ಮಾಗ್ನಿ ಅವನ ಪಕ್ಕ ನಿಂತು ಒಂದೊಂದೇ ವಾಕ್ಯ ಅನುವಾದಿಸಿದಳು.

“ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಪ್ಟನ್ ಬರ್ತಾರಂತೆ. ಆಯುಧ ಎಣಿಸ್ತಾರಂತೆ. ಇಪ್ಪತ್ತೆರಡು ಬಂದೂಕು ಇರಬೇಕಂತೆ.”

“ಇಪ್ಪತ್ತೊಂದಿದ್ದರೆ?”

“ವೆಂಡೆಲಿನ್...” ಅವಳು ತಡೆದು ಮುಂದುವರಿಸಿದಳು. “ಆ ಸಿಪಾಯಿ ರಷ್ಯಾಕ್ಕೆ. ದಂಡನೆಯ ತುಕಡಿಗೆ. ಊರಿಂದ ಹತ್ತು ಗಂಡಸರು ಗುಂಡಿಗೆ. ಹತ್ತು ಜನ ಯಾರು ಅಂತ ಆರಿಸೋದು ಇವರ ಕೈಲಿಲ್ಲವಂತೆ. ಅಲ್ಲೀವರೆಗೆ ಇವರು ಯಾರಿಗೂ ಹೇಳಲ್ಲವಂತೆ.”

ಟ್ರೋಂಡ್‌ಹೈಮ್‌ನಲ್ಲಿ ಹಿಂದಿನ ವಾರ ಗುಂಡಿಗೆ ಬಲಿಯಾದವರ ಹೆಸರಿದ್ದ ಪತ್ರಿಕೆ ಐಕೆನೆಸರ ಮೇಜಿನ ಮೇಲೇ ಇತ್ತು. ಅವರು ಅದನ್ನು ಮಡಿಸಿ ಖಾನೆಗೆ ಹಾಕಿದರು.

9.30ಕ್ಕೆ ಊರಿನ ಇಬ್ಬರು ಪಂಚರ ಮುಂದೆ ಮನೆಯ ಪಂಚನಾಮೆ. ನೆಸೆ ಮನೆ ಭೂಶಿರದ ಈಚೆ ಬದಿ, ನೀರಿಗೆ ಹತ್ತಿರ. ಕೆಳಗೆ ರಾಸ್ಮುಸ್ ಮುದುಕನ ದೋಣಿಮನೆ. ಭೂಶಿರದ ಆಚೆ ಬದಿ ಪ್ರಾರ್ಥನಾ ಮಂದಿರ, ಕಾಲುದಾರಿಯಲ್ಲಿ ಹತ್ತು ನಿಮಿಷ.

ಹೊರಕೋಣೆಯ ಗೋಡೆಗೆ ಮೂರು ಗೂಟ. ಮೊದಲೆರಡರಲ್ಲಿ ಹೆಂಗಸರ ಕೋಟು. ಮೂರನೆಯದು ಖಾಲಿ. ಗೂಟದ ಕೆಳಗೆ ಹಲಗೆಯ ಬಣ್ಣ ಉಳಿದ ಕಡೆಗಿಂತ ಗಾಢವಾಗಿತ್ತು. ಅಲ್ಲಿ ಬಹಳ ಕಾಲ ಏನೋ ತೂಗುತ್ತಿದ್ದಿರಬೇಕು. ಹೊಸ್ತಿಲ ಬಳಿ ಎರಡು ಜೊತೆ ಶೂ. ಮಾಗ್ನಿಯವು ಚರ್ಮದ ಅಟ್ಟೆಯವು, ಅಕ್ಕನವು ಮರದ ಅಟ್ಟೆಯವು. ಯೋಸ್ಟೈನ್ ಎಲ್ಲವನ್ನೂ ಬರೆದುಕೊಂಡ.

“ಇಲ್ಲಿ ಏನಿತ್ತು?” ಐಕೆನೆಸ್ ಮೂರನೇ ಗೂಟ ತೋರಿಸಿದರು.

“ಒತ್ತಾರ್ ಕೋಟು,” ಒಳಗಿನಿಂದ ಉತ್ತರ ಬಂತು. ಮಾಗ್ನಿಯ ಅಕ್ಕ ಬೊರ್ಗಿಲ್ಡ್ ಕಾಲುಚೀಲದಲ್ಲಿ ಬಂದು ನಿಂತಳು. ಇಪ್ಪತ್ತೊಂಬತ್ತು ವರ್ಷ. ಗಂಡ ಒತ್ತಾರನ ಹಡಗು ಹಿಂದಿನ ವರ್ಷದ ಮಾರ್ಚ್‌ನಲ್ಲಿ ಜರ್ಮನ್ ಟಾರ್ಪೆಡೊ ತಗುಲಿ ಮುಳುಗಿತ್ತು. “ಮೇಣ ಬಟ್ಟೇದು. ಮಾಗ್ನಿ ಅಟ್ಟಕ್ಕೆ ಹಾಕಿದಾಳೆ. ಬಂದವರಿಗೆ ಜಾಗ ಬೇಕಲ್ಲ.”

“ಅಕ್ಕ, ನಿನ್ನ ಕೇಳೇ ಹಾಕಿದ್ದು,” ಅಂದಳು ಮಾಗ್ನಿ.

“ಕೇಳ್ದೆ. ನಾನು ಇಲ್ಲ ಅಂದ್ನಾ?”

ಯೋಸ್ಟೈನ್ ಬಗ್ಗಿ ಮಾಗ್ನಿಯ ಶೂ ತಿರುಗಿಸಿ ನೋಡಿದ. “ಜರ್ಮನ್ ಸೈನ್ಯದ ಚರ್ಮ ಗಟ್ಟಿ ಇರುತ್ತೆ ಅಲ್ವಾ?”

“ಅದು ಸೈನ್ಯದ್ದಲ್ಲ. ನಮ್ಮ ಭಾವನ ಕಡಲ ಬೂಟಿನದು. ಅಕ್ಕನೇ ಕೊಟ್ಲು. ವೆಂಡೆಲಿನ್ ಊರಲ್ಲಿ ಚಮ್ಮಾರಿಕೆ ಮಾಡ್ತಿದ್ದ, ಕೊಯ್ದು ಅಟ್ಟೆ ಹೊಲಿದುಕೊಟ್ಟ. ಊರಿಗೆಲ್ಲ ಇದನ್ನೂ ಹೇಳು, ಬರೀ ಅದನ್ನೇ ಹೇಳಬೇಡ.”

“ನಿನ್ನೆ ಪ್ರಾರ್ಥನೆ ಎಷ್ಟು ಹೊತ್ತು?” ಐಕೆನೆಸ್ ಬೊರ್ಗಿಲ್ಡಳನ್ನು ಕೇಳಿದರು.

“ಮೂರರಿಂದ ಐದು.”

“ಪೂರ್ತಿ ಇದ್ದೆಯಾ?”

“ಇದ್ದೆ. ಕಾಫಿ ಕುಡೀತೀರಾ? ಬಾರ್ಲಿ ಹುರಿದಿದ್ದು, ಬೇರೆ ಏನಿಲ್ಲ.”

ಅವರು ಕುಡಿದರು. ಕಹಿಯಾಗಿತ್ತು. ಪಂಚರು ಸಹಿ ಹಾಕಿದಾಗ 10.40.

ದೋಣಿಮನೆ ಖಾಲಿಯಿತ್ತು. ರಾಸ್ಮುಸ್ ಹೊಲ್ಮೆ ಬಾಗಿಲಲ್ಲಿ ಕುಳಿತು ಖಾಲಿ ಪೈಪು ಕಚ್ಚುತ್ತಿದ್ದ.

“ದೋಣಿ ಎಲ್ಲಿ ಅಜ್ಜ?” ಐಕೆನೆಸ್ ಕೇಳಿದರು.

“ಭೂಶಿರದ ಆಚೆ ದಡದಲ್ಲಿದೆ, ನಿನ್ನ ಜರ್ಮನ್ ಯಜಮಾನರು ಈಜೋ ಕಡೆ. ನಿನ್ನೆ ತಗೊಂಡು ಹೋಗಿದಾರೆ. ದೂರು ಕೊಡೋಣ ಅಂತಿದ್ದೆ. ಆದ್ರೆ ನಿನಗೆ ಕೊಟ್ಟರೆ ನೀನು ಅವರಿಗೇ ಕೊಡ್ತೀಯ. ನೇರವಾಗಿ ಅವರಿಗೇ ಕೊಟ್ಟರೆ ಒಂದು ನಡಿಗೆ ಉಳಿಯುತ್ತೆ ಅಂತ ಯೋಚಿಸ್ತಾ ಕೂತಿದೀನಿ.”

ಮೂವರೂ ಭೂಶಿರ ದಾಟಿ ನಡೆದರು. ಪ್ರಾರ್ಥನಾ ಮಂದಿರದ ಕೆಳಗೆ, ಜರ್ಮನರ ದೋಣಿಕಟ್ಟೆಯ ಪಕ್ಕದಲ್ಲಿ ದೋಣಿಯನ್ನು ದಡಕ್ಕೆ ಎಳೆದಿಟ್ಟಿದ್ದರು. ಹುಟ್ಟುಗಳು ಒಳಗಿದ್ದವು.

“ಈ ಬೇಸಿಗೇಲಿ ನಾಲ್ಕು ಸಲ ಹೀಗೇ,” ಅಂದ ರಾಸ್ಮುಸ್. “ಸಿಪಾಯಿಗಳು ಬರ್ತಾರೆ, ತಗೋತಾರೆ, ಎಲ್ಲೋ ಎಸೀತಾರೆ. ತಳದ ಬಿರಡೆ ತೆಗೀಬೇಕು ಅನ್ನೋ ಬುದ್ಧಿ ಒಬ್ಬನಿಗೂ ಇಲ್ಲ. ಮಳೆ ಬಂದರೆ ದೋಣಿ ತೊಟ್ಟಿ ಆಗುತ್ತೆ. ಹೋದ ಸಲ ನನ್ನ ತಂಬಾಕು ಡಬ್ಬಿ ಅದರಲ್ಲಿ ತೇಲ್ತಿತ್ತು. ಖಾಲಿ ಡಬ್ಬಿ ಅನ್ನು, ಆದರೂ...”

“ರಾತ್ರಿ ಮಳೆ ಬಂತಲ್ಲ ಅಜ್ಜ.”

“ಬಂತು. ಜೋರಾಗೇ ಬಂತು.”

“ದೋಣಿ ಒಣಗಿದೆ.”

ರಾಸ್ಮುಸ್ ಪೈಪನ್ನು ಬಾಯಿಂದ ತೆಗೆದ. ತಳದ ತೂತು ತೆರೆದಿತ್ತು. ಬಿರಡೆಯನ್ನು ಹೊರತೆಗೆದು, ಅದರ ದಾರವನ್ನು ಮುಂಭಾಗದ ಕೊಕ್ಕೆಗೆ ಎರಡು ಸುತ್ತು ಸುತ್ತಿದ್ದರು. ಸೆಲ್ವೋಗ್‌ನಲ್ಲಿ ನಾಲ್ಕು ವರ್ಷದ ಮಗುವೂ ದೋಣಿ ದಡಕ್ಕೆ ಬಂದ ತಕ್ಷಣ ಮಾಡುವ ಕೆಲಸ ಅದು. ಮಾಡುವಾಗ ಯಾರೂ ಯೋಚಿಸುವುದಿಲ್ಲ.

“ನಮ್ಮವರೇ,” ಅಂದ ಯೋಸ್ಟೈನ್ ಮೆಲ್ಲಗೆ.

ಐಕೆನೆಸ್ ದೋಣಿಯೊಳಗೆ ಇಣುಕಿದರು. ಹುಟ್ಟು ಹಾಕುವವರು ಕಾಲು ಊರಲು ಅಡ್ಡಪಟ್ಟಿಯೊಂದಿರುತ್ತದೆ. ಕಾಲಿನ ಉದ್ದಕ್ಕೆ ತಕ್ಕಂತೆ ಅದನ್ನು ಕಚ್ಚಿನಿಂದ ಕಚ್ಚಿಗೆ ಸರಿಸಬಹುದು.

“ನೀನು ಯಾವ ಕಚ್ಚಿಗೆ ಹಾಕ್ತೀಯ?”

“ನಾಲ್ಕನೇದು.”

“ಇದು ಎರಡನೇದರಲ್ಲಿದೆ.”

ಮುದುಕ ಬಹಳ ಹೊತ್ತು ನೋಡಿದ. “ನನ್ನ ಹೆಂಡತಿ ಎರಡನೇದಕ್ಕೆ ಹಾಕ್ತಿದ್ಲು,” ಅಂದ. “ಅವಳು ಹೋಗಿ ಆರು ವರ್ಷ ಆಯ್ತು ಕಣಪ್ಪ.”

ಗುಡ್ಡದ ಕಾವಲುಗಾರನ ದಿನಚರಿಯಲ್ಲಿ ಒಂದು ಸಾಲಿತ್ತು: ಭಾನುವಾರ 15.40, ಸಣ್ಣ ದೋಣಿ, ಒಬ್ಬರು. ಭಾನುವಾರ ಪ್ರಾರ್ಥನೆಯ ಹೊತ್ತಿನಲ್ಲಿ ಈ ಕೊಲ್ಲಿಯಲ್ಲಿ ಯಾರೂ ಹುಟ್ಟು ಹಾಕುವುದಿಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಎರಡನೇ ಸಲ ನೋಡುತ್ತಿದ್ದನೋ ಏನೋ.

ಮಧ್ಯಾಹ್ನ 1.30ಕ್ಕೆ ಪ್ರಾರ್ಥನಾ ಮಂದಿರ. ಅಲ್ಲಿ ಕಸ ಗುಡಿಸಿ ಒಲೆ ಹಚ್ಚುವ ಯೆರ್ಟ್ರೂಡಜ್ಜಿ ನಿಂತಲ್ಲೇ ಉತ್ತರ ಕೊಟ್ಟಳು.

“ಹೆಂಗಸರಲ್ಲಿ ಯಾರು ಬಂದಿರಲಿಲ್ಲ?”

“ಎಲ್ಲರೂ ಬಂದಿದ್ದರು. ನಿನಗೆ ಗೊತ್ತಿರೋ ಆ ಒಬ್ಬಳನ್ನು ಬಿಟ್ಟು. ಅವಳಿಗೆ ಬೇರೆ ಪೂಜೆ ಇತ್ತಲ್ಲ.”

“ನಡುವೆ ಎದ್ದು ಹೋದವರು?”

“ಒಬ್ಬರೂ ಇಲ್ಲ.”

“ಖಂಡಿತವಾಗಿ?”

“ತೊರ್ಮೋದ, ನಲವತ್ತು ಜೊತೆ ಮರದ ಅಟ್ಟೆ. ಒಬ್ಬರು ಕಾಲು ಸರಿಸಿದರೆ ಪ್ರವಚನ ನಿಂತುಹೋಗುತ್ತೆ. ನಾನು ಕಣ್ಣು ಮುಚ್ಚಿರ್ತೀನಿ, ಕಿವಿ ಮುಚ್ಚಿರಲ್ಲ.”

“ಹಿಂದಿನ ಬೆಂಚಲ್ಲಿ ಯಾರು ಕೂರ್ತಾರೆ? ಬಾಗಿಲ ಹತ್ತಿರ?”

“ಬೊರ್ಗಿಲ್ಡ್. ಗಂಡ ಹೋದಾಗಿಂದ ಅಲ್ಲೇ. ಒಬ್ಬಳೇ. ಪಕ್ಕ ಯಾರಾದರೂ ಕೂತರೆ ಸಮಾಧಾನ ಹೇಳಬೇಕಾಗುತ್ತೆ ಅಂತ ಯಾರೂ ಕೂರಲ್ಲ.”

ಹೊರಗೆ ಬಂದು ಯೋಸ್ಟೈನ್ ಹೇಳಿದ: “ಸಾರ್, ಊರಲ್ಲಿ ಸದ್ದಿಲ್ಲದೆ ಏಳೋಕೆ ಆಗೋದು ಒಬ್ಬಳಿಗೇ. ಅವಳು ಮಹಡಿ ಮೇಲಿದ್ಲು.” ಅವನ ಕೊನೆಯ ಮಾತು ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು.

ಐಕೆನೆಸ್ ನಡೆಯುತ್ತಿದ್ದವರು ನಿಂತರು. “ಒಂದು ಜೊತೆ ಕಡಲ ಬೂಟು ಎಷ್ಟು ಎತ್ತರ ಇರುತ್ತೆ?”

“ಮಂಡಿವರೆಗೆ. ಒತ್ತಾರ್‌ದು ತೊಡೆವರೆಗೆ ಬರ್ತಿತ್ತು. ಎತ್ತರದ ಆಳು.”

“ಅದರಲ್ಲಿ ಎಷ್ಟು ಅಟ್ಟೆ ಆಗುತ್ತೆ?”

3.15ಕ್ಕೆ ಗುಡ್ಡದ ಮೇಲೆ ವೆಂಡೆಲಿನ್ ಕ್ರಾಂಟ್ಸ್‌ನ ವಿಚಾರಣೆ. ಕೆಂಚು ಕೂದಲಿನ ತೆಳ್ಳನೆಯ ಹುಡುಗ. ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. ಹೆಬ್ಬೆರಳಿನ ಉಗುರಿನಡಿ ಮೇಣದ ದಾರದ ಕಪ್ಪು ಇನ್ನೂ ಇತ್ತು. ಮಾಗ್ನಿ ನಡುವೆ ನಿಂತಳು.

“ಆ ಬೂಟಿನ ಚರ್ಮದಿಂದ ಎಷ್ಟು ಜೊತೆ ಮಾಡಿದ ಅಂತ ಕೇಳು.”

ಅವಳು ಕೇಳಿದಳು. ಹುಡುಗ ಎರಡು ಬೆರಳು ಎತ್ತಿದ.

ಮಾಗ್ನಿ ಅನುವಾದಿಸಲಿಲ್ಲ.

“ಏನಂದ?”

“ಎರಡು ಅಂದ.”

“ಎರಡನೇದು ಯಾರಿಗೆ?”

ಈ ಸಲ ಅವಳು ಕೇಳಿದ ಪ್ರಶ್ನೆ ಐಕೆನೆಸರ ಪ್ರಶ್ನೆಗಿಂತ ಬಹಳ ಉದ್ದವಾಗಿತ್ತು. ಹುಡುಗ ನೆಲ ನೋಡುತ್ತ ಚಿಕ್ಕದಾಗಿ ಉತ್ತರಿಸಿದ.

“ಅಕ್ಕನಿಗಂತೆ,” ಅಂದಳು ಮಾಗ್ನಿ. “ಅವಳ ಗಂಡನ ಚರ್ಮ, ಅವಳಿಗೂ ಸೇರಬೇಕು ಅನ್ನಿಸ್ತಂತೆ. ಹೋದ ಗುರುವಾರ ಕೊಟ್ಟನಂತೆ.” ಸ್ವಲ್ಪ ತಡೆದು ತನಗೇ ಹೇಳಿಕೊಳ್ಳುವಂತೆ ಸೇರಿಸಿದಳು: “ಚರ್ಮ ಮುಗೀತು ಅಂದಿದ್ದ ನನ್ನ ಹತ್ರ.”

4.30ಕ್ಕೆ ಐಕೆನೆಸ್ ಮತ್ತೆ ನೆಸೆ ಮನೆಗೆ ಬಂದರು. ಬೊರ್ಗಿಲ್ಡ್ ರೊಟ್ಟಿ ಲಟ್ಟಿಸುತ್ತಿದ್ದಳು.

“ಎರಡನೇ ಜೊತೆ ಎಲ್ಲಿ?”

ಅವಳು ಲಟ್ಟಣಿಗೆ ಇಟ್ಟಳು. ಕೈ ಒರೆಸಿಕೊಂಡು ಒಳಕೋಣೆಗೆ ಹೋಗಿ, ಪೆಟ್ಟಿಗೆಯಿಂದ ಗಂಡಸರ ಉಣ್ಣೆ ಅಂಗಿಯೊಂದರಲ್ಲಿ ಸುತ್ತಿದ್ದ ಗಂಟು ತಂದು ಮೇಜಿನ ಮೇಲಿಟ್ಟಳು. ಶೂ ಹೊಸದು. ಅಟ್ಟೆಯ ಅಂಚಿನಲ್ಲಿ ಉಪ್ಪುನೀರು ಒಣಗಿ ಬಿಳಿ ಗೆರೆಯಾಗಿತ್ತು. ಹೊಲಿಗೆಯ ಸಂದಿನಲ್ಲಿ ದಡದ ಚಿಪ್ಪಿನ ಪುಡಿ. ಎರಡನೇ ಪಂಚನಾಮೆ ಬರೆದಾದ ಮೇಲೆ, 4.55ಕ್ಕೆ ಅವಳನ್ನು ಬಂಧಿಸಲಾಯಿತು.

ಅವಳು ಅರ್ಧ ಲಟ್ಟಿಸಿದ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿ, ಮರದ ಅಟ್ಟೆಯ ಶೂ ಹಾಕಿಕೊಂಡು ಹೊರಟಳು.

ಠಾಣೆ. ಸಂಜೆ 5.30.

“ಬರ್ಕೋ,” ಅಂದಳು ಬೊರ್ಗಿಲ್ಡ್. “ಒತ್ತಾರನಿಗೋಸ್ಕರ ಮಾಡಿದೆ. ಅವರು ಅವನ ಹಡಗು ಮುಳುಗಿಸಿದರು. ನಾನು ಅವರ ಬಂದೂಕು ಮುಳುಗಿಸಿದೆ.”

ಯೋಸ್ಟೈನ್ ಬರೆಯಲು ಬಗ್ಗಿದ. ಐಕೆನೆಸ್ ಅವನ ಕೈ ತಡೆದರು.

“ಎಲ್ಲಿ ಮುಳುಗಿಸಿದೆ?”

“ಜಾಗ ತೋರಿಸ್ತೀನಿ. ಹತ್ತು ಜನ ಸಾಯೋದು ನನಗೂ ಬೇಡ. ಅವರನ್ನ ಹಿಡೀತಾರೆ ಅಂತ ಆ ಹೊತ್ತಿಗೆ ಹೊಳೀಲಿಲ್ಲ. ಆದ್ರೆ ಕಾರಣ ನಾನು ಹೇಳಿದ್ದನ್ನೇ ಬರಿ.”

“ಅದನ್ನು ಬರೆದರೆ ಟೀಮನ್ ಇದನ್ನ ಮುಚ್ಚಿಡೋಕೆ ಆಗಲ್ಲ. ವಿಧ್ವಂಸ ಕೃತ್ಯ ಆಗುತ್ತೆ. ಕಾಗದ ಪಟ್ಟಣಕ್ಕೆ ಹೋಗುತ್ತೆ, ನೀನೂ ಹೋಗ್ತೀಯ. ವಾಪಸ್ ಬರಲ್ಲ.”

“ಬರೋದು ಬೇಡ.”

“ಗುಡ್ಡದ ಮೇಲೆ ಇಪ್ಪತ್ತೆರಡು ಬಂದೂಕಿವೆ. ಒಂದೂವರೆ ವರ್ಷ ಅವು ನಿನ್ನ ಮನೆ ಮುಂದೇನೇ ಓಡಾಡಿವೆ. ನಿನಗೆ ಬೇಕಾಗಿದ್ದು ಒಂದೇ. ಅದೂ ನಿನಗೆ ಶೂ ಹೊಲಿದುಕೊಟ್ಟವನದು.”

ಶೂ ಮೇಜಿನ ಮೇಲಿತ್ತು.

“ಅಳತೆ ಯಾವಾಗ ತಗೊಂಡ?” ಐಕೆನೆಸ್ ಕೇಳಿದರು.

“ಅದು ನಿನಗ್ಯಾಕೆ?”

“ಕೇಳ್ತಿದೀನಿ.”

ಬೊರ್ಗಿಲ್ಡ್ ಬೆಳಕು ಹೊರಬೀಳದಂತೆ ಕಿಟಕಿಗೆ ಹಚ್ಚಿದ್ದ ಕಪ್ಪು ಕಾಗದದ ಕಡೆ ತಿರುಗಿದಳು. “ಸೆಪ್ಟೆಂಬರ್ ಕೊನೇಲಿ. ಮಾಗ್ನಿ ನೀರಿಗೆ ಹೋಗಿದ್ಲು. ಅವನಿಗೆ ನಮ್ಮ ಮಾತು ಬರಲ್ಲ. ಕೂತ್ಕೋ ಅಂತ ಕೈ ತೋರಿಸಿದ. ಮಂಡಿಯೂರಿ ಕೂತು ಕಾಲುಚೀಲ ತೆಗೆದ. ಹಿಮ್ಮಡೀನ ಅಂಗೈಲಿ ಇಟ್ಕೊಂಡು ದಾರದಲ್ಲಿ ಅಳೆದ. ಕಾಲು ತಣ್ಣಗಿತ್ತೇನೋ, ಒಂದು ಗಳಿಗೆ ಹಾಗೇ ಹಿಡ್ಕೊಂಡಿದ್ದ. ಆಮೇಲೆ ಮಾಗ್ನಿ ಬಂದ್ಲು. ಎದ್ದು ಹೋಗಿ ಅವಳ ಪಕ್ಕ ಕೂತ. ಅಷ್ಟೇ.”

ಯೋಸ್ಟೈನ್ ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದ.

“ಒಂದೂವರೆ ವರ್ಷದಿಂದ ನನ್ನ ಯಾರೂ ಮುಟ್ಟಿರಲಿಲ್ಲ, ತೊರ್ಮೋದಣ್ಣ. ಸಮಾಧಾನ ಹೇಳೋಕೆ ಬಂದೋರೂ ಕೈ ಕುಲುಕಿ ಬಿಟ್ಟುಬಿಡ್ತಾರೆ. ಅವಳು ದಿನಾ ಗುಡ್ಡದಿಂದ ಹಾಡು ಹೇಳ್ಕೊಂಡು ಬರ್ತಾಳೆ. ಗೋಡೆ ಆಚೆ ನಗ್ತಾಳೆ. ಅವಳ ಬಟ್ಟಲು ತೊಳೀತೀನಿ, ಅವನ ಬಟ್ಟಲೂ ತೊಳೀತೀನಿ.”

“ಭಾನುವಾರ?”

“ಆ ಶೂ ಮೊದಲನೇ ಸಲ ಹಾಕ್ಕೊಂಡೆ. ಎಲ್ಲರ ಜೊತೆ ಒಳಗೆ ಹೋದೆ, ಅವರ ಟಕಟಕದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕೂತೆ. ಅವನು ಮನೆಗೆ ಬಂದಿರ್ತಾನೆ ಅನ್ನೋದೊಂದೇ ತಲೇಲಿ. ಎದ್ದೆ. ಸದ್ದಾಗಲಿಲ್ಲ. ಸದ್ದಾಗಿದ್ದರೆ ಕೂತುಬಿಡ್ತಿದ್ದೆ.”

“ಮನೇಲಿ?”

“ಮೇಲೆ ನಗ್ತಿದ್ದರು. ಒತ್ತಾರನ ಗೂಟದ ಕೆಳಗೆ ಬಂದೂಕು. ಇದು ಇಲ್ಲದಿದ್ದರೆ ಅವನನ್ನ ಇಲ್ಲಿಂದ ಕಳಿಸಿಬಿಡ್ತಾರೆ ಅನ್ನಿಸ್ತು. ನನಗಿಲ್ಲದ್ದು ಅವಳಿಗೂ ಬೇಡ ಅನ್ನಿಸ್ತು. ಅಟ್ಟದಿಂದ ಕೋಟು ತಂದು ಸುತ್ತಿದೆ. ದೋಣಿ ಇಳಿಸಿದೆ. ಭೂಶಿರ ಬಳಸಿ ಮಂದಿರದ ಕೆಳಗೇ ದಡ ಹತ್ತಿದೆ. ಸಿಪಾಯಿಗಳು ತಗೊಂಡರು ಅಂತ ರಾಸ್ಮುಸಜ್ಜ ಬೈಕೋತಾನೆ ಅಂತ ಗೊತ್ತಿತ್ತು. ಕೊನೇ ಹಾಡಿಗೆ ಎಲ್ಲರೂ ಎದ್ದಾಗ ಒಳಗೆ ಬಂದೆ.”

“ಬಿರಡೆ ತೆಗೆದಿದ್ದೀಯ.”

ಅವಳು ಮೊದಲ ಸಲ ಅವರನ್ನು ನೇರವಾಗಿ ನೋಡಿದಳು. “ತೆಗೆದ್ನಾ?” ಅಂದಳು.

ಐಕೆನೆಸ್ ಕುರ್ಚಿ ಮುಂದಕ್ಕೆಳೆದರು. “ಈಗ ಹೇಳಿದ್ದನ್ನ ಬರೀತೀನಿ. ಅಕ್ಕತಂಗಿ ಜಗಳ. ಬಂದೂಕು ಸಿಕ್ಕರೆ ಟೀಮನ್‌ಗೂ ಅದೇ ಬೇಕು. ನಮ್ಮ ಕೋರ್ಟು, ಆರು ತಿಂಗಳು.”

“ಬರೀ ಜಗಳ ಅಂತ ಬರಿ. ಉಳಿದದ್ದು ಬೇಡ.”

“ಹಡಗಿನಲ್ಲಿ ಗಂಡನ್ನ ಕಳ್ಕೊಂಡೋಳು ಬಂದೂಕು ಕದ್ದಿದಾಳೆ. ಬರೀ ಜಗಳ ಅಂದರೆ ಟೀಮನ್ ನಂಬಲ್ಲ. ಪೂರ್ತಿ ಇದ್ದರೆ ನಂಬ್ತಾನೆ.”

“ಅವನಿಗೆ ಜರ್ಮನ್‌ನಲ್ಲಿ ಯಾರು ಹೇಳ್ತಾರೆ?”

ಒಲೆಯಲ್ಲಿ ಕಟ್ಟಿಗೆ ಕುಸಿಯಿತು.

“ಮಾಗ್ನಿ,” ಅಂದರು.

“ಮೇಷ್ಟ್ರು...”

“ಮೇಷ್ಟ್ರಿಲ್ಲ.”

“ಹಾಗಾದ್ರೆ ಗುಂಡೇ ವಾಸಿ,” ಅಂದಳು ಬೊರ್ಗಿಲ್ಡ್. ಆ ಸಂಜೆ ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಹೇಳಿಕೆಯ ಕಾಗದ ಸಹಿಯಿಲ್ಲದೆ ಉಳಿಯಿತು.

ಅಕ್ಟೋಬರ್ 13, ಮಂಗಳವಾರ, ಬೆಳಗ್ಗೆ 8.05. ರಾಸ್ಮುಸನ ದೋಣಿ. ರಾಸ್ಮುಸ್ ಹುಟ್ಟು ಹಾಕಿದ, ಯೋಸ್ಟೈನ್ ಪಾತಾಳಗರಡಿ ಹಿಡಿದಿದ್ದ, ಐಕೆನೆಸ್ ಹಿಂದೆ, ಬೊರ್ಗಿಲ್ಡ್ ಮುಂದೆ. ಕೊಲ್ಲಿಯ ನಡುವೆ ಅವಳು ಕೈಯೆತ್ತಿದಳು.

“ಇನ್ನೂ ಸ್ವಲ್ಪ. ಮಂದಿರದ ಹೊಗೆಗೂಡು ನಿನ್ನ ದೋಣಿಮನೆ ಮೇಲೆ ಬರಲಿ. ಹಾಂ. ಈಗ ಬಿಳಿ ಬಂಡೆ ಭೂಶಿರಕ್ಕೆ ತಾಕಲಿ. ಇಲ್ಲೇ. ಹನ್ನೊಂದು ಮಾರು ಆಳ.”

“ಮುಳುಗಿಸೋಕೆ ಬಂದೋಳು ಗುರುತು ಯಾಕೆ ಹಿಡಿದೆ?” ಯೋಸ್ಟೈನ್ ಕೇಳಿದ.

“ನೀರಿಗೆ ಏನಾದರೂ ಬಿಟ್ಟು ಗುರುತು ಹಿಡೀದೆ ಇರೋಕೆ ನಿನಗೆ ಬರುತ್ತಾ?” ಅಂದ ರಾಸ್ಮುಸ್. ಯೋಸ್ಟೈನ್ ಪಾತಾಳಗರಡಿ ಎಸೆದ.

ಮೂರನೇ ಎಸೆತಕ್ಕೆ ತೂಕ ಸಿಕ್ಕಿತು. ಹಳದಿ ಮೇಣಬಟ್ಟೆಯ ಕೋಟು ಮೊದಲು ಮೇಲೆ ಬಂತು. ತೋಳುಗಳು ನೀರಲ್ಲಿ ಬಿಡಿಸಿಕೊಂಡು ದೋಣಿಯ ಪಕ್ಕಕ್ಕೆ ಚಾಚಿದ್ದವು. ರಾಸ್ಮುಸ್ ಟೋಪಿ ತೆಗೆದ.

“ಒತ್ತಾರ್ ಕೋಟಲ್ವಾ ಇದು,” ಅಂದ.

ಬೊರ್ಗಿಲ್ಡ್ ತೋಳು ಹಿಡಿದು ಒಳಗೆಳೆದುಕೊಂಡಳು. ನೀರು ಅವಳ ಮಡಿಲಿಗೆ ಸುರಿಯಿತು. ಯೋಸ್ಟೈನ್ ಗಂಟು ಬಿಚ್ಚಿ ಬಂದೂಕು ತೆಗೆದ. ಕೋಟು ಅವಳ ತೊಡೆಯ ಮೇಲೇ ಉಳಿಯಿತು. ದೋಣಿ ಕಲ್ಲಿಗೆ ತಾಗಿದಾಗ ಅವಳು ಹೇಳಿದಳು:

“ಅವನ ಕೋಟಲ್ಲಿ ಸುತ್ತಿ ಮುಚ್ಚಿಟ್ಟೆ. ಅವನ ಹೆಸರಲ್ಲೂ ಸುತ್ತಿಡೋದು ಬೇಡ. ಕಾಗದ ಕೊಡು, ಸಹಿ ಹಾಕ್ತೀನಿ.”

ದೋಣಿಯನ್ನು ದಡಕ್ಕೆಳೆದ ಕೂಡಲೇ ಬಗ್ಗಿ ಬಿರಡೆ ತೆಗೆದಳು.

ಬೆಳಗ್ಗೆ 10.15ಕ್ಕೆ ಗುಡ್ಡದ ಮೇಲಿನ ಕೋಣೆಯಲ್ಲಿ ಹೇಳಿಕೆಯನ್ನು ಓದಲಾಯಿತು. ಟೀಮನ್ ಮೇಜಿನ ಹಿಂದೆ ಕುಳಿತಿದ್ದ. ವೆಂಡೆಲಿನ್ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಬಂದೂಕು ಆಗಲೇ ಎಣ್ಣೆ ಕುಡಿದು ಒಣಗುತ್ತಿತ್ತು. ಐಕೆನೆಸ್ ಒಂದು ವಾಕ್ಯ ಓದುವರು, ಮಾಗ್ನಿ ಅದನ್ನು ಜರ್ಮನ್‌ನಲ್ಲಿ ಹೇಳುವಳು. ಅವಳ ದನಿ ಒಗೆದ ಬಟ್ಟೆಯ ಪಟ್ಟಿ ಓದುವಾಗ ಇರುವಂತೆಯೇ ಇತ್ತು.

ಹಿಮ್ಮಡಿಯ ವಾಕ್ಯ ಬಂದಾಗ ಅವಳು ನಿಂತಳು. ಐಕೆನೆಸ್ ಕಾಗದದಿಂದ ಕಣ್ಣೆತ್ತಲಿಲ್ಲ. ಗೋಡೆಯ ಗಡಿಯಾರ ಹಲವು ಸಲ ಟಿಕ್ ಎಂದ ಮೇಲೆ ಅವಳು ಅದನ್ನೂ ಹೇಳಿದಳು. ಹುಡುಗನ ಕಿವಿ ಕೆಂಪಗಾಯಿತು.

ಎಲ್ಲ ಮುಗಿದಾಗ ಟೀಮನ್ ಮೊಣಕಾಲು ಉಜ್ಜುತ್ತ ನಕ್ಕ, ಏನೋ ಅಂದ.

“ಏನಂತೆ?”

“ಹೆಂಗಸರೇ ಹೀಗಂತೆ. ಬಂದೂಕು ಕಳೆದೇ ಇರಲಿಲ್ಲವಂತೆ. ದೋಣಿ ಕದ್ದಿದ್ದಕ್ಕೂ ಮನೆ ಜಗಳಕ್ಕೂ ನಿಮ್ಮ ಕೋರ್ಟು ಏನು ಬೇಕಾದರೂ ಮಾಡಿಕೊಳ್ಳಲಿ ಅಂತೆ.”

ಹನ್ನೆರಡಕ್ಕೆ ಕ್ಯಾಪ್ಟನ್ ಬಂದ. ಎಣಿಸಿದ. ಇಪ್ಪತ್ತೆರಡು.

ಮಧ್ಯಾಹ್ನ 2.00. ವಶಪಡಿಸಿಕೊಂಡ ವಸ್ತುಗಳನ್ನು ಗುರುತಿಸಲು ದೂರುದಾರಳನ್ನು ಠಾಣೆಗೆ ಕರೆಸಲಾಯಿತು. ಮಾಗ್ನಿ ಶೂ ಕೈಗೆತ್ತಿಕೊಂಡಳು. ಕೇಳದೆಯೇ ಕುಳಿತು ತನ್ನದನ್ನು ಕಳಚಿ ಅದನ್ನು ಹಾಕಿಕೊಂಡಳು. ಸರಿಯಾಗಿ ಕೂತಿತು.

“ನಮ್ಮಿಬ್ಬರದೂ ಒಂದೇ ಅಳತೆ,” ಅಂದಳು. “ಚಿಕ್ಕೋರಾಗಿದ್ದಾಗಿಂದ ಒಬ್ಬರದ್ದು ಒಬ್ಬರು ಹಾಕ್ಕೋತೀವಿ.”

“ಬರ್ಕೊಳ್ಳಲಾ?” ಯೋಸ್ಟೈನ್ ಕೇಳಿದ.

“ನನ್ನದು ಆಗಸ್ಟ್‌ನಲ್ಲೇ ಅಳೆದಿದ್ದ. ಅಕ್ಕನದೂ ಇದೇ ಅಳತೆ ಅಂತ ಆಗಲೇ ಹೇಳಿದ್ದೆ. ನಕ್ಕಿದ್ದ.” ಅವಳು ಶೂ ಕಳಚಿ ಮೇಜಿನ ಮೇಲಿಟ್ಟಳು, ಜೋಡಿಯ ತುದಿ ಸಮ ಮಾಡಿದಳು. “ಅವಳ ಕಾಲು ಅಳೀಬೇಕಾಗೇ ಇರಲಿಲ್ಲ.”

ಯೋಸ್ಟೈನ್ ಬಾಯಿ ತೆರೆದ. ಐಕೆನೆಸ್ ಅವನತ್ತ ನೋಡಿದರು. ಅವನು ಬಾಯಿ ಮುಚ್ಚಿ ಪೆನ್ನು ಕೆಳಗಿಟ್ಟ.

ಮಾಗ್ನಿ ಸಹಿ ಹಾಕಿ ಹೋದಳು. ಮೆಟ್ಟಿಲಿಳಿದ ಸದ್ದು ಕೇಳಲಿಲ್ಲ.

ಅಕ್ಟೋಬರ್ 14, ಬುಧವಾರ. ಪಟ್ಟಣದ ಸೆರೆಮನೆಗೆ ಹೋಗುವ ಉಗಿದೋಣಿ 9.15ಕ್ಕೆ. ಬೊರ್ಗಿಲ್ಡ್ ಯೋಸ್ಟೈನನ ಮುಂದೆ ಹಲಗೆಗಟ್ಟೆಯ ಮೇಲೆ ನಡೆದಳು. ಮರದ ಅಟ್ಟೆಯ ಸದ್ದು ಕೊಲ್ಲಿಯ ಆಚೆ ದಡಕ್ಕೂ ಕೇಳುವಂತಿತ್ತು. ಕೈಯಲ್ಲಿ ಒತ್ತಾರನ ಕೋಟು ಮಡಿಸಿ ಹಿಡಿದಿದ್ದಳು.

“ಮಾಗ್ನಿ ಏನಂದ್ಲು?” ಐಕೆನೆಸರನ್ನು ಕೇಳಿದಳು.

“ಏನೂ ಅನ್ನಲಿಲ್ಲ.”

“ಬಯ್ಯಲಿಲ್ವಾ?”

“ಇಲ್ಲ.”

ಅವಳು ಒಂದು ಕ್ಷಣ ಅವರ ಮುಖ ನೋಡಿ ದೋಣಿ ಹತ್ತಿದಳು. ಹಗ್ಗ ಬಿಚ್ಚುವ ಹೊತ್ತಿಗೆ ಮೇಲಿನ ದಾರಿಯಲ್ಲಿ ಇನ್ನೊಂದು ಜೊತೆ ಮರದ ಅಟ್ಟೆಯ ಸದ್ದು ಇಳಿದು ಬಂತು. ಊರಲ್ಲಿ ಎಲ್ಲರ ಹೆಜ್ಜೆಯೂ ಎಲ್ಲರಿಗೂ ಗೊತ್ತು. ಈ ಹೆಜ್ಜೆ ಮಾತ್ರ ಬಹಳ ದಿನದಿಂದ ಕೇಳಿರಲಿಲ್ಲ. ಬೊರ್ಗಿಲ್ಡ್ ತಿರುಗಿದಳು. ಮಾಗ್ನಿ ಕಟ್ಟೆಯ ತುದಿಗೆ ಬರಲಿಲ್ಲ. ಮೀನಿನ ಪೀಪಾಯಿಗಳ ಹತ್ತಿರ ನಿಂತಳು. ಕೈ ಬೀಸಲಿಲ್ಲ. ದೋಣಿ ಭೂಶಿರ ತಿರುಗುವವರೆಗೂ ನಿಂತಿದ್ದಳು.

ಐಕೆನೆಸ್ ಠಾಣೆಗೆ ಮರಳಿ ಕಡತ ಮುಗಿಸಿದರು. ಕಾರಣ ಎಂಬ ಅಂಕಣದಲ್ಲಿ ‘ಅಸೂಯೆ’ ಎಂದು ಬರೆದರು. ಯಾರದು ಎಂದು ಆ ಅಂಕಣ ಕೇಳುವುದಿಲ್ಲ. ಆಮೇಲೆ ವಸ್ತುಗಳ ಪಟ್ಟಿ ತೆಗೆದು ಕೊನೆಯ ಸಾಲು ತುಂಬಿದರು: ಹೆಂಗಸರ ಶೂ, ಒಂದು ಜೊತೆ, ಚರ್ಮದ ಅಟ್ಟೆ. ಒಂದು ಸಲ ತೊಟ್ಟದ್ದು.